ತೂಬು ಕಾಯುವ ಯಂತ್ರ

ಸಿಂಧನೂರಿನ ಕಡೆಯ ರೈತರಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ತೂಬಿನ ಮಹಿಮೆಯನ್ನು ಹೇಳಬೇಕಾಗಿಲ್ಲ. ನೀರು ಹದವಾಗಿ ಬಂದರೆ ತೂಬು ತೆರೆದಿರಬೇಕು. ಹುಚ್ಚೆದ್ದು ನುಗ್ಗಿದರೆ ಮುಚ್ಚಬೇಕು. ಎದೆಯ ಚರ್ಮದಡಿಯಲ್ಲಿ ಕುಳಿತ ‘ಪೇಸ್‌ಮೇಕರ್’ ಎಂಬ ಪುಟ್ಟ ಯಂತ್ರದ ಧರ್ಮವೂ ಅದೇ.

ಹೃದಯದ ಮೇಲಿನ ಕೋಣೆಗಳು ಹೃತ್ಕರ್ಣಗಳು, ಕೆಳಗಿನವು ಹೃತ್ಕುಕ್ಷಿಗಳು. ಮೇಲಿನ ಅಪ್ಪಣೆ ಕೆಳಗೆ ಮುಟ್ಟದಾದಾಗ ಎರಡು ತಂತಿಗಳ ಪೇಸ್‌ಮೇಕರ್ ದೂತನಾಗುತ್ತದೆ. ಒಂದು ತಂತಿಯಿಂದ ಮೇಲಿನ ಮಿಡಿತವನ್ನು ಆಲಿಸಿ, ಅರೆಗಳಿಗೆಯೂ ಅಲ್ಲದಷ್ಟು ತಡೆದು, ಮತ್ತೊಂದರಿಂದ ಕೆಳಗಿನ ಕೋಣೆಯನ್ನು ಮಿಡಿಸುತ್ತದೆ. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನಲ್ಲಿ ಓಕೆ ಸೆನ್ನಿಂಗರು ಆರ್ನೆ ಲಾರ್ಸನ್ನರ ಮೈಯೊಳಗಿರಿಸಿದ ಮೊತ್ತಮೊದಲ ಯಂತ್ರಕ್ಕೆ ಈ ಕಿವಿ ಇರಲಿಲ್ಲ. ಗೊತ್ತಾದ ವೇಗದಲ್ಲಿ ಮಿಡಿಸುವುದಷ್ಟೇ ಅದಕ್ಕೆ ತಿಳಿದಿತ್ತು.

ಕಿವಿ ಬಂದೊಡನೆ ಧರ್ಮಸಂಕಟವೂ ಬಂದಿತು. ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುವ ‘ಏಟ್ರಿಯಲ್ ಫಿಬ್ರಿಲೇಶನ್’ನಲ್ಲಿ ಹೃತ್ಕರ್ಣವು ಮಿಡಿಯುವುದನ್ನು ಬಿಟ್ಟು ನಿಮಿಷಕ್ಕೆ 350ಕ್ಕೂ ಮಿಗಿಲಾಗಿ ಕಂಪಿಸುತ್ತದೆ. ದೂತನು ಅದನ್ನೇ ಅಪ್ಪಣೆಯೆಂದು ನಂಬಿದರೆ ಕೆಳಗಿನ ಕೋಣೆಯು, ವೈದ್ಯರು ಗೊತ್ತುಮಾಡಿದ ಮೇಲ್ಮಿತಿಯವರೆಗೂ ಓಡಬೇಕಾಗುತ್ತದೆ. ಎದೆ ಡವಗುಟ್ಟುತ್ತದೆ, ಉಸಿರು ಕಟ್ಟುತ್ತದೆ.

ಆದುದರಿಂದ ಇಂದಿನ ಯಂತ್ರವು ಮೇಲಿನ ವೇಗವನ್ನು ಎಣಿಸುತ್ತಲೇ ಇರುತ್ತದೆ. ಅದು 170 ಅಥವಾ 180ರಂತಹ ಗೊತ್ತಾದ ಗಡಿಯನ್ನು ದಾಟಿ ನಿಂತರೆ ಹಿಂಬಾಲಿಸುವುದನ್ನು ಬಿಟ್ಟು, ಮೆಲ್ಲಮೆಲ್ಲನೆ ತನ್ನದೇ ಆದ ಶಾಂತವಾದ ಗತಿಗೆ ಇಳಿಯುತ್ತದೆ. ಕಿವಿಯನ್ನು ಮಾತ್ರ ಮುಚ್ಚುವುದಿಲ್ಲ. ಕಂಪನ ಅಡಗಿದೊಡನೆ ಮತ್ತೆ ಹಳೆಯ ದೂತಕಾರ್ಯ. ಇದನ್ನೇ ‘ಮೋಡ್ ಸ್ವಿಚ್’ ಎನ್ನುವರು.

ವಾಚಕರು ಗಮನಿಸಬೇಕಾದುದು ಮುಂದಿನ ಮಾತು. ತೂಬು ಮುಚ್ಚಿದರೆ ಗದ್ದೆ ಉಳಿಯಿತೇ ಹೊರತು ಪ್ರವಾಹ ನಿಲ್ಲಲಿಲ್ಲ. ಕಂಪಿಸುವ ಕೋಣೆಯಲ್ಲಿ ರಕ್ತವು ಮಡುಗಟ್ಟಿ ಹೆಪ್ಪಾಗಬಹುದು. ಆ ಹೆಪ್ಪು ಮೆದುಳಿಗೆ ಹರಿದರೆ ಪಾರ್ಶ್ವವಾಯು. 2012ರಲ್ಲಿ ಪ್ರಕಟವಾದ ‘ಅಸರ್ಟ್’ ಅಧ್ಯಯನವು 65 ದಾಟಿದ, ರಕ್ತದೊತ್ತಡವಿದ್ದ 2580 ಮಂದಿಯನ್ನು ಪರಿಶೀಲಿಸಿತು. ಯಂತ್ರ ಮಾತ್ರವೇ ಕಂಡುಹಿಡಿದ, 6 ನಿಮಿಷಕ್ಕೂ ಮೀರಿದ ಇಂತಹ ಕಂಪನವಿದ್ದವರಲ್ಲಿ ಆ ಅಪಾಯವು ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು.

ಪಾಮನಕಲ್ಲೂರಿನ ಹಿರಿಯರಿಗೆ ತಪಾಸಣೆಗಾಗಿ ಕಲಬುರಗಿಯ ಜಯದೇವ ಆಸ್ಪತ್ರೆಗೆ ಹೋಗಿಬರುವುದೆಂದರೆ ಇಡೀ ಒಂದು ದಿನದ ಕೆಲಸ. “ಸುಖವಾಗಿಯೇ ಇದ್ದೇನಲ್ಲ, ಏಕೆ ಹೋಗಲಿ?” ಎಂದಾರು. ಸುಖವೆನಿಸುತ್ತಿರುವುದು ಯಂತ್ರವು ಸದ್ದಿಲ್ಲದೆ ತೂಬು ಕಾದುದರಿಂದಲೂ ಇರಬಹುದಷ್ಟೆ! ಎಂದು ಕಂಪನವೆದ್ದಿತು, ಎಷ್ಟು ಹೊತ್ತು ಉಳಿಯಿತು ಎಂಬ ಲೆಕ್ಕವನ್ನು ಅದು ತಪ್ಪದೆ ಬರೆದಿಟ್ಟಿರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಬೇಕೋ ಬೇಡವೋ ಎಂಬುದನ್ನು ವೈದ್ಯರು ಆ ಲೆಕ್ಕವನ್ನೂ ರೋಗಿಯ ಇತರ ಸ್ಥಿತಿಯನ್ನೂ ನೋಡಿ ನಿರ್ಧರಿಸುವರು. ಆದರೆ ಬರೆದಿಟ್ಟ ಲೆಕ್ಕವನ್ನು ಓದುವವರ ಮುಂದೆ ಇಡುವ ಹೊಣೆ ಮಾತ್ರ ಮನೆಯವರದು.