ಅವಳಿಗೆ ಹೇಳಿದವರು ಯಾರು?

ಸಂಕ್ರಾಂತಿ ಕಳೆದ ಮೇಲೆ ದಾಂಡೇಲಿಯಿಂದ ಅಂಬಿಕಾನಗರದ ದಾರಿ ಹಿಡಿದು ಕುಳಗಿಗೆ ಬನ್ನಿ. ರಸ್ತೆಯ ಎರಡೂ ಬದಿಗೆ ಸಾಗವಾನಿ ಬೋಳಾಗಿ ನಿಂತಿರುತ್ತದೆ. ಅದರ ಮೊರದಗಲದ ಎಲೆಗಳು ಕಾಲಿಟ್ಟಲ್ಲೆಲ್ಲ ಚರಚರ ಮುರಿಯುತ್ತವೆ. ಮತ್ತಿ, ಕಿಂದಳ, ನಂದಿ, ಜಂಬೆ ಒಂದರ ಬೆನ್ನಿಗೊಂದು ಎಲೆ ಕಳಚಿ, ಶಿವರಾತ್ರಿಯ ಹೊತ್ತಿಗೆ ನೆಲವೇ ಕಾಣದಷ್ಟು ಒಣ ಎಲೆ, ಅಂದರೆ ದರಕು, ಬಿದ್ದಿರುತ್ತದೆ, ಮನೆಯಂಗಳದಲ್ಲಿ, ಶಾಲೆಯ ಬಯಲಲ್ಲಿ, ಬಸ್ ತಂಗುದಾಣದ ಹಿಂದೆ, ಕಾಡಿನೊಳಗೆ, ಕಾಡಿನಂಚಿನಲ್ಲಿ. ಇದು ಹೇಳದೆ ಕೇಳದೆ ಬರುವ ನೆರೆಯಲ್ಲ, ನಡುರಾತ್ರಿ ಕುಸಿಯುವ ಗುಡ್ಡವೂ ಅಲ್ಲ. ವರ್ಷವರ್ಷವೂ ಇದೇ ತಿಂಗಳು ಇದೇ ಮರದಿಂದ ಇದೇ ಎಲೆ ಬೀಳುತ್ತದೆ, ಮತ್ತು ಇದು ನಿಮಗೆ ಗೊತ್ತಿದೆ.

ನಿಮಗೆ ಗೊತ್ತಿದೆ ಎಂದೇ ಈ ಮಾತು ನಿಮಗೆ. ನೀವು ಶಾಲೆಯ ಮಾಸ್ತರರಿರಬಹುದು, ಪಂಚಾಯತಿಯ ಸದಸ್ಯರಿರಬಹುದು, ಕಾಗದದ ಮಿಲ್ಲಿನಿಂದ ನಿವೃತ್ತರಾಗಿ ಅಂಗಳದಲ್ಲಿ ನಾಲ್ಕು ಗಿಡ ಬೆಳೆಸಿಕೊಂಡವರಿರಬಹುದು, ಜೋಯಿಡಾ ಕಡೆ ಹೋಂಸ್ಟೇ ನಡೆಸುವವರೋ ಹಳಿಯಾಳದಲ್ಲಿ ಅಂಗಡಿ ಇಟ್ಟವರೋ ಇರಬಹುದು. ಪಂಚಾಯತಿಯ ಫಲಕಕ್ಕೆ ಅಂಟಿಸಿದ ಕಾಗದ ನಿಮಗೆ ಓದಲು ಬರುತ್ತದೆ. ನಗರಸಭೆಯ ಪ್ರಕಟಣೆ ನಿಮ್ಮ ಮೊಬೈಲಿಗೆ ಬಂದು ಬೀಳುತ್ತದೆ. ನೀವು ಕೆಟ್ಟವರಲ್ಲ; ಅದನ್ನು ನೋಡಿ, ಹೌದು ಎಂದುಕೊಂಡು, ಮುಂದಿನ ಸಂದೇಶಕ್ಕೆ ಬೆರಳು ಸರಿಸುತ್ತೀರಿ, ಅಷ್ಟೇ. ಆ ಬೆರಳು ಸರಿದ ಗಳಿಗೆಯಲ್ಲಿ ಸುದ್ದಿ ನಿಮ್ಮಲ್ಲೇ ನಿಂತುಹೋಗುತ್ತದೆ ಎಂಬುದೇ ನನ್ನ ಸಂಕಟ.

ಬೆಳಗಿನ ಚಳಿಯಲ್ಲಿ ಹೆಡಿಗೆ ಹೊತ್ತು ದರಕಿಗೆ ಹೊರಡುವವಳನ್ನು ನೀವು ಕಂಡಿದ್ದೀರಿ. ಅವಳು ಕುಣಬಿಯವಳಿರಬಹುದು, ಗೌಳಿವಾಡೆಯವಳಿರಬಹುದು, ಸಿದ್ದಿ ಕೇರಿಯವಳಿರಬಹುದು. ದನದ ಕೊಟ್ಟಿಗೆಗೆ ಹಾಸು ಬೇಕು, ಹಾಸಿದ್ದು ಗೊಬ್ಬರವಾಗಬೇಕು, ಗೊಬ್ಬರ ಗದ್ದೆಗೆ ಹೋಗಬೇಕು. ಅವಳ ವರ್ಷದ ಲೆಕ್ಕವೆಲ್ಲ ಆ ಹೆಡಿಗೆಯಲ್ಲಿದೆ. ಇಲ್ಲಿ ಅಭಯಾರಣ್ಯ ಘೋಷಣೆಯಾದದ್ದು 1956ರಲ್ಲಿ, ಹುಲಿ ಸಂರಕ್ಷಿತ ಪ್ರದೇಶವಾದದ್ದು 2007ರಲ್ಲಿ, ಅದಕ್ಕೆ ಕಾಳಿಯ ಹೆಸರು ಬಂದದ್ದು 2015ರಲ್ಲಿ. ಅಭಯಾರಣ್ಯದೊಳಗಿನಿಂದ ಅನುಮತಿಯಿಲ್ಲದೆ ಒಂದು ಹಿಡಿ ಸೊಪ್ಪನ್ನೂ ತರುವಂತಿಲ್ಲ ಎಂದು ಕಾನೂನು ಹೇಳುತ್ತದೆ. ಆ ಗಡಿ ಯಾವ ಹಳ್ಳದ ಆಚೆ ಶುರುವಾಗುತ್ತದೆ, ಈಚೆ ಎಲ್ಲಿಯವರೆಗೆ ಗುಡಿಸಬಹುದು, ಅವಳಿಗೆ ಹೇಳಿದವರು ಯಾರು?

ಗಡಿಯ ಮಾತು ಒಂದು ಬದಿಗಿರಲಿ. ಅವಳ ಜೀವದ ಮಾತಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ನಮ್ಮ ಬೆನ್ನು ಬಿಟ್ಟಿಲ್ಲ. ದಕ್ಷಿಣಕ್ಕೆ ನಮ್ಮದೇ ಜಿಲ್ಲೆಯ ಸಿದ್ದಾಪುರ ಅದನ್ನು ಕಂಡಿದೆ, ಪಶ್ಚಿಮಕ್ಕೆ ಗೋವಾದ ಸತ್ತರಿ ಕಂಡಿದೆ, 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನ ಮನೆಮನೆ ಅದಕ್ಕೆ ಅತ್ತಿದೆ. ಕಾಡಿನಲ್ಲಿ ಮಂಗ ಸತ್ತರೆ, ಈ ರೋಗ ದಾಟಿಸುವ ಅದರ ಮೈಮೇಲಿನ ಉಣುಗು ತಣ್ಣಗಾದ ದೇಹ ಬಿಟ್ಟು ಇಳಿಯುವುದು ಇದೇ ದರಕಿನ ಮೇಲೆ. ಉಣುಗಿನ ಮರಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು. ಅದು ಹೆಚ್ಚಾಗುವ ಕಾಲ ಯಾವುದೆಂದರೆ ಡಿಸೆಂಬರಿನಿಂದ ಮೇ, ಅಂದರೆ ದರಕು ಬಳಿಯುವ ಕಾಲವೇ. ಇದ್ದ ಲಸಿಕೆಯ ಶಕ್ತಿ ಸಾಲದೆಂದು 2022ರಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಲಾಯಿತು. ಲಸಿಕೆ ಇಲ್ಲದಿದ್ದಾಗ ಉಳಿಯುವುದು ಮಾತೊಂದೇ: ಮಂಗ ಸತ್ತ ಕಡೆ ಹೋಗಬೇಡ, ಮೈತುಂಬ ಬಟ್ಟೆ ತೊಡು, ಉಣುಗು ಹತ್ತದಂತೆ ಡೇಪಾ ತೈಲ ಹಚ್ಚಿಕೋ, ಬಂದ ಮೇಲೆ ಬಿಸಿನೀರಲ್ಲಿ ಮೀ, ಜ್ವರ ಬಂದರೆ ಮುಚ್ಚಿಡಬೇಡ. ಐದು ಮಾತು, ಬಾಯಲ್ಲಿ ಹೇಳಿದರೆ ಒಂದು ನಿಮಿಷ. ಆ ಐದು ಮಾತು ತಾಲೂಕು ಕಚೇರಿಯಿಂದ ಹೊರಟು ಪಂಚಾಯತಿಗೆ ಬಂದು, ಫಲಕವೇರಿ, ಬಿಸಿಲಿಗೆ ಬಣ್ಣಗೆಟ್ಟು, ಗಾಳಿಗೆ ಹಾರಿಹೋಗುವುದನ್ನು ನೀವು ಕಂಡಿದ್ದೀರಿ. ಓದಲು ಬಾರದ, ಕನ್ನಡ ಅರ್ಧ ಮಾತ್ರ ತಿಳಿಯುವ, ಬೆಳಗು ಹರಿಯುವ ಮೊದಲೇ ಬೆಟ್ಟ ಸೇರುವ ಅವಳಿಗೆ ಹೇಳಿದವರು ಯಾರು?

ಪೇಟೆಯೊಳಗೆ ಬಂದರೆ ಕತೆ ಬೇರೆ, ಮೌನ ಅದೇ. ಸ್ವಚ್ಛ ವಾಹಿನಿ ನಿತ್ಯ ಹಾಡು ಹಾಕಿಕೊಂಡು ಓಣಿ ಸುತ್ತುತ್ತದೆ, ಹಸಿ ಕಸ ಇಲ್ಲಿ, ಒಣ ಕಸ ಅಲ್ಲಿ. ಮೂಟೆ ಮೂಟೆ ಒಣ ಎಲೆ ಎರಡಕ್ಕೂ ಸೇರದ ಅನಾಥ. ಆ ಧ್ವನಿವರ್ಧಕ ವರ್ಷವಿಡೀ ಒಂದೇ ಹಾಡು ಹಾಡುವ ಬದಲು, ಎಲೆ ಬೀಳುವ ಎರಡು ತಿಂಗಳಾದರೂ, ನಾಳೆ ಈ ಓಣಿಗೆ ದರಕಿನ ಗಾಡಿ ಬರುತ್ತದೆ, ಬೆಂಕಿ ಹಾಕಬೇಡಿ, ರಾಶಿ ಮಾಡಿ ಇಡಿ ಎಂದು ಹೇಳಿದರೆ ಯಾರ ಗಂಟಲು ಕಟ್ಟುತ್ತದೆ? ತೋಟದ ಕಸವನ್ನು ಬೇರೆಯಾಗಿಟ್ಟುಕೊಂಡು ಸ್ಥಳೀಯ ಸಂಸ್ಥೆ ಹೇಳಿದಂತೆ ವಿಲೇವಾರಿ ಮಾಡಬೇಕು ಎಂದು ಘನತ್ಯಾಜ್ಯ ನಿಯಮಗಳು 2016ರಲ್ಲೇ ಜನರಿಗೆ ವಿಧಿಸಿದವು. ಜನರಿಗೆ ತಿಳಿಹೇಳುವ ಹೊಣೆಯನ್ನು ಸ್ಥಳೀಯ ಸಂಸ್ಥೆಗೇ ಹೊರಿಸಿದವು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದಿತು. ದಂಡದ ಮೊತ್ತ ಎಲ್ಲರಿಗೂ ಗೊತ್ತಾಯಿತು, ಗಾಡಿ ಬರುವ ದಿನ ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಕಡೆಗೆ ಸಂಜೆ ಕಡ್ಡಿ ಗೀರುವವರು ಯಾರು? ಮನೆಯೊಡತಿಯೋ, ಗುಡಿಸಿ ಸುಸ್ತಾದ ಪೌರಕಾರ್ಮಿಕಳೋ. ಆ ಹೊಗೆ ಕುಡಿದು ರಾತ್ರಿಯಿಡೀ ಕೆಮ್ಮುವುದು ಪಕ್ಕದ ಮನೆಯ ಉಬ್ಬಸದ ಅಜ್ಜ. ಬೇರೆ ದಾರಿ ಇದೆ ಎಂದು ಗುಡಿಸಿದವಳಿಗೆ ಹೇಳಿದವರು ಯಾರು?

ಊರ ಕಡ್ಡಿ ಊರಲ್ಲೇ ಆರಿದರೆ ಸರಿ. ಆದರೆ ಕುಳಗಿಯಂಥ ಊರಿನಲ್ಲಿ ಅಂಗಳ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂದು ಗಾಳಿಗೆ ಗೊತ್ತಿಲ್ಲ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಮೀರಿ ಸುಟ್ಟದ್ದನ್ನು ಟಿವಿಯಲ್ಲಿ ನೋಡಿ ನೀವೂ ಮರುಗಿದ್ದೀರಿ. ಅದಕ್ಕೆ ಎರಡು ವರ್ಷ ಮೊದಲು ಅಲ್ಲೇ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕನೊಬ್ಬ ಮನೆಗೆ ಮರಳಲಿಲ್ಲ. ನಮ್ಮ ಕಡೆಯೂ ಬೇಸಗೆ ಬಂದರೆ ಬೆಂಕಿ ಕಾವಲಿಗೆ ನಿಲ್ಲುವವರು ಇದೇ ಕೇರಿ, ಇದೇ ವಾಡೆಯ ಹುಡುಗರು, ಕೈಯಲ್ಲಿ ಹಸಿ ಸೊಪ್ಪಿನ ಕೊಂಬೆ, ಕಾಲಲ್ಲಿ ಸವೆದ ಚಪ್ಪಲಿ. ದೊಡ್ಡ ಪ್ರಾಣಿ ಹೇಗೋ ಓಡೀತು, ಮಂಗಟ್ಟೆ ಹಾರೀತು. ಕಾಡುಕೋಳಿ ಮೊಟ್ಟೆ ಇಟ್ಟಿರುವುದು ನೆಲದ ಮೇಲೆ. ನತ್ತಿಂಗ ಹಕ್ಕಿ ಗೂಡನ್ನೇ ಕಟ್ಟದೆ ದರಕಿನ ಬಣ್ಣದ ಮೊಟ್ಟೆಯನ್ನು ದರಕಿನ ಮೇಲೇ ಇಟ್ಟು, ಬೆಂಕಿ ಹತ್ತಿರ ಬರುವವರೆಗೂ ಎದ್ದು ಹೋಗದೆ ಕೂತಿರುತ್ತದೆ. ಆಮೆ ಎಷ್ಟು ದೂರ ಓಡೀತು? ಎರೆಹುಳು, ಬಸವನಹುಳು, ಮಳೆಗಾಲಕ್ಕೆಂದು ಎಲೆಯಡಿ ತಂಪಿನಲ್ಲಿ ಕಾದು ಕೂತ ಕಪ್ಪೆ, ಇವಕ್ಕೆ ಯಾವ ಸಭೆಯ ನೋಟಿಸೂ ಇಲ್ಲ, ಯಾವ ವಾರ್ಡಿನಲ್ಲೂ ಮತವಿಲ್ಲ. ಇವಕ್ಕೆ ಯಾರೂ ಹೇಳಲಾರರು. ಆದ್ದರಿಂದಲೇ ಕಡ್ಡಿ ಗೀರುವವರಿಗೆ ಹೇಳಬೇಕಾಗಿತ್ತು.

ಅಮೆರಿಕದಲ್ಲಿ ನೆಲೆಸಿದ ನಿಮ್ಮ ಮಗಳನ್ನೋ ಅಳಿಯನನ್ನೋ ಒಮ್ಮೆ ಕೇಳಿ ನೋಡಿ. ನ್ಯೂಜೆರ್ಸಿಯ ಊರುಗಳಲ್ಲಿ ಎಲೆ ಉದುರುವ ಕಾಲಕ್ಕೆ ಯಾವ ಬೀದಿಗೆ ಯಾವ ವಾರ ಗಾಡಿ ಎಂದು ಊರಾಡಳಿತ ಮೊದಲೇ ಸಾರುತ್ತದೆ. ಗಾಡಿ ಬರುವ ದಿನಕ್ಕೆ ಏಳು ದಿನಕ್ಕಿಂತ ಮೊದಲು ಎಲೆಯನ್ನು ರಸ್ತೆಯಂಚಿಗೆ ತರುವಂತಿಲ್ಲ. ಅಷ್ಟು ದೂರ ಯಾಕೆ, ನಮ್ಮದೇ ಉಳವಿಯ ಜಾತ್ರೆ ನೋಡಿ. ಭಾರತ ಹುಣ್ಣಿಮೆಗೆ ಧಾರವಾಡ, ಬೆಳಗಾವಿ ಕಡೆಯ ಚಕ್ಕಡಿಗಳು ಈ ಕಾಡಿನ ದಾರಿಯಲ್ಲೇ ಸಾಲುಗಟ್ಟುತ್ತವೆ. ಚೆನ್ನಬಸವಣ್ಣನ ತೇರು ಯಾವಾಗ ಎಂಬುದು ತಿಳಿಯದ ಮನೆ ಈ ಸೀಮೆಯಲ್ಲಿದೆಯೇ? ಅದಕ್ಕೆ ಯಾವ ಸುತ್ತೋಲೆ ಬೇಕಾಯಿತು? ಬಾಯಿಂದ ಬಾಯಿಗೆ, ಸಂತೆಯಿಂದ ಸಂತೆಗೆ ಆ ಸುದ್ದಿ ತಾನೇ ನಡೆಯುತ್ತದೆ, ಯಾಕೆಂದರೆ ಅದು ನಮ್ಮದೆಂದು ನಾವು ಅಂದುಕೊಂಡಿದ್ದೇವೆ. ಅದೇ ಜಾತ್ರೆಯ ದಿನಗಳಲ್ಲಿ ಅದೇ ದಾರಿಯ ದರಕಿನ ಪಕ್ಕದಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚುವವರಿಗೆ, ಅಣ್ಣಾ, ಸುತ್ತಲಿನ ಎಲೆ ಸರಿಸಿ ಹಚ್ಚು, ಹೊರಡುವಾಗ ನೀರು ಹೊಯ್ದು ಹೊರಡು ಎಂಬ ಒಂದು ಮಾತು ಮಾತ್ರ ತೇರಿನ ಸುದ್ದಿಯ ಜೊತೆ ನಡೆಯುವುದಿಲ್ಲ.

ಇನ್ನೂ ಒಂದು ನೋವು. ಇಲ್ಲಿ ಸುಡುವ ಎಲೆ ಅಲ್ಲಿ ಬಂಗಾರ. ಘಟ್ಟದ ಮೇಲಿನ ತೋಟಿಗರಿಗೆ ಬ್ರಿಟಿಷರ ಕಾಲದಿಂದ ಎಕರೆ ಅಡಿಕೆಗೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟದ್ದು ಯಾಕೆ? ಎಲೆಯಿಲ್ಲದೆ ತೋಟವಿಲ್ಲ ಎಂದು ಆಗಲೇ ತಿಳಿದಿತ್ತು. ಇಂದು ಬೆಟ್ಟವಿಲ್ಲದ ಸಣ್ಣ ರೈತ ದರಕಿಗೆ ದುಡ್ಡು ಕೊಟ್ಟು ಪರದಾಡುತ್ತಾನೆ. ಹತ್ತು ಮೈಲಿ ಈಚೆ, ಪೇಟೆಯ ಅಂಗಳದಲ್ಲಿ, ಅದೇ ದರಕು ಬೂದಿಯಾಗುತ್ತದೆ. ಉದ್ಯೋಗ ಖಾತ್ರಿಯಲ್ಲಿ ಕಟ್ಟಿಸಿಕೊಂಡ ಎರೆಹುಳು ತೊಟ್ಟಿಗಳು ಎಷ್ಟೋ ಹಿತ್ತಲಲ್ಲಿ ಖಾಲಿ ಬಿದ್ದಿವೆ. ಬೇಕಾದವನ ಹೆಸರು, ಬೇಡವಾದವನ ಓಣಿ, ಎರಡನ್ನೂ ಒಂದೇ ಕಾಗದದಲ್ಲಿ ಬರೆದಿಡುವ ಗುಮಾಸ್ತಿಕೆ ಸಾಕು, ಮಹಾ ಯೋಜನೆಯೇನೂ ಬೇಡ.

ಪಂಚಾಯತಿ ಮಾಡಲಿ, ನಗರಸಭೆ ಮಾಡಲಿ ಎನ್ನುತ್ತೀರಿ. ಮಾಡಲೇಬೇಕು, ಆ ಹೊಣೆಯಿಂದ ಅವರನ್ನು ಬಿಡಿಸಲು ನಾನು ಬಂದಿಲ್ಲ. ಆದರೆ ಅಲ್ಲಿ ಕೂತ ಕಾರ್ಯದರ್ಶಿಗೆ ಬರುವುದು ಕಚೇರಿಯ ಕನ್ನಡ. ವಾಡೆಯಲ್ಲಿ ಆಡುವುದು ಗೌಳಿಗರ ಮರಾಠಿ, ಕುಣಬಿ ಕೇರಿಯಲ್ಲಿ, ಸಿದ್ದಿ ಕೇರಿಯಲ್ಲಿ ಕೊಂಕಣಿ, ದಾಂಡೇಲಿಯ ಓಣಿಗಳಲ್ಲಿ ಉರ್ದು. ಆ ಕಾಗದವನ್ನು ಈ ಬಾಯಿಗೆ ದಾಟಿಸಬಲ್ಲವರು ನೀವು. ಎರಡೂ ಕಡೆಯ ಮಾತು ನಿಮಗೆ ಬರುತ್ತದೆ, ಎರಡೂ ಕಡೆ ನಿಮ್ಮನ್ನು ಕೂರಿಸಿ ಚಹಾ ಕೊಡುತ್ತಾರೆ. ಸಂತೆಯ ದಿನ ತರಕಾರಿ ಕೊಳ್ಳುತ್ತ, ಅಕ್ಕಾ, ಆ ಬೆಟ್ಟದಲ್ಲಿ ಮಂಗ ಬಿದ್ದಿದೆಯಂತೆ, ಈ ವಾರ ದರಕಿಗೆ ಹೋಗಬೇಡ ಎನ್ನಲು ಯಾವ ಅಧಿಕಾರ ಬೇಕು? ಮಾಸ್ತರರೇ, ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಗೆ ಹೇಳಿ ಕಳಿಸಿದ ಮಾತು ಸಂಜೆಯೊಳಗೆ ಎಷ್ಟು ಒಲೆಯ ಮುಂದೆ ತಲುಪುತ್ತದೆ ಎಂದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ಹೋಂಸ್ಟೇಯವರೇ, ಕಾಡು ತೋರಿಸಿ ಉಣ್ಣುವ ನೀವು, ನಿಮ್ಮ ಬೇಲಿಯ ಸುತ್ತಲಿನ ದರಕಿಗೆ ಕಡ್ಡಿ ಗೀರಿಸದಿದ್ದರೆ, ಗೀರಿಸಬೇಡವೆಂದು ನೆರೆಯವರಿಗೂ ಹೇಳಿದರೆ, ನಿಮ್ಮ ಅತಿಥಿ ನಾಳೆಯೂ ಬರುತ್ತಾನೆ.

ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ, ಗ್ರಾಮಸಭೆ ಸೇರಬೇಕೆಂಬುದು 1993ರ ಪಂಚಾಯತ್ ರಾಜ್ ಕಾಯ್ದೆಯ ಕಟ್ಟಳೆ. ಎಲೆ ಬೀಳುವ ಮೊದಲಿನ ಸಭೆಗೆ ಈ ಸಲ ಹೋಗಿ. ಹಿಂದಿನ ಬೆಂಚಿನಲ್ಲಿ ಕೂತು ಸಹಿ ಹಾಕಿ ಬರಬೇಡಿ, ಎದ್ದು ನಿಂತು ಕೇಳಿ. ಯಾವ ಓಣಿಗೆ ಯಾವ ದಿನ ದರಕಿನ ಗಾಡಿ? ಒಟ್ಟಿದ ಎಲೆ ಯಾವ ರೈತನಿಗೆ? ಮಂಗ ಸತ್ತ ಸುದ್ದಿ ಬಂದ ದಿನವೇ ಡಂಗುರ ಸಾರುವವರು ಯಾರು, ಕೊಂಕಣಿಯಲ್ಲಿ ಹೇಳುವವರು ಯಾರು, ಮರಾಠಿಯಲ್ಲಿ ಯಾರು? ಉತ್ತರವನ್ನು ಠರಾವಿನ ಪುಸ್ತಕದಲ್ಲಿ ಬರೆಸಿ. ಆಮೇಲೆ ಕೊನೆಯದೊಂದು ಕೇಳಿ: ಗಾಡಿ ಹೋಗದ, ಮೊಬೈಲ್ ಸಿಗ್ನಲ್ ಸಿಗದ, ಹಳ್ಳದಾಚೆಯ ಆ ನಾಲ್ಕು ಮನೆಗೆ ನಡೆದು ಹೋಗಿ ಹೇಳಿ ಬರುವವರು ಯಾರು? ಸಭೆ ಸುಮ್ಮನಾದರೆ, ಅಲ್ಲಿ ನಿಮ್ಮ ಹೆಸರು ಬರೆಸಿ.