ಫ್ಲ್ಯಾಟ್ ಬಂದರೆ ನಮ್ಮ ತೆರಿಗೆ ಏರುತ್ತದೆಯೇ?

ಕರಾವಳಿಯ ಯಾವುದೇ ಊರಿನಲ್ಲಿ ಹೊಸ ವಸತಿ ಸಮುಚ್ಚಯ ಬರಲಿದೆ ಎಂಬ ಸುದ್ದಿ ಹಬ್ಬಿದರೆ ಸಾಕು, ಊರಿನಲ್ಲಿ ಎರಡು ಪಕ್ಷಗಳಾಗುತ್ತವೆ. "ಊರು ಮುಂದೆ ಬರುತ್ತದೆ, ಪಂಚಾಯತ್‌ಗೆ ತೆರಿಗೆ ಬರುತ್ತದೆ, ರಸ್ತೆ ಅಗಲವಾಗುತ್ತದೆ" ಎಂದು ಒಂದು ಪಕ್ಷ ಹೇಳುತ್ತದೆ. "ಬಾವಿ ಬತ್ತುತ್ತದೆ, ತೋಡು ಗಲೀಜಾಗುತ್ತದೆ, ಕೊನೆಗೆ ನಮ್ಮ ಮನೆ ತೆರಿಗೆಯೂ ಏರುತ್ತದೆ" ಎಂದು ಇನ್ನೊಂದು ಪಕ್ಷ ಹೇಳುತ್ತದೆ. ಭಾನುವಾರದ ಪೂಜೆಯ ನಂತರ ಚರ್ಚ್ ಅಂಗಳದಲ್ಲಿ ನಡೆಯುವ ಮಾತುಕತೆಯಲ್ಲೂ ಈ ವಿಷಯ ಬಂದು ಹೋಗುತ್ತದೆ. ಎರಡೂ ಕಡೆಯವರ ಮಾತಿನಲ್ಲಿ ಸತ್ಯವಿದೆ. ಆದರೆ ಯಾವ ಹಣ ಯಾರಿಗೆ ಸೇರುತ್ತದೆ, ಯಾವ ಖರ್ಚು ಯಾರ ಮೇಲೆ ಬೀಳುತ್ತದೆ ಎಂದು ಲೆಕ್ಕ ಹಾಕಿ ನೋಡಿದವರು ಕಡಿಮೆ. ಆ ಲೆಕ್ಕವನ್ನು ಇಲ್ಲಿ ಸರಳವಾಗಿ ಮಾಡಿ ನೋಡಲು ನಾವು ಪ್ರಯತ್ನಿಸಿದ್ದೇವೆ.

ದೊಡ್ಡ ಹಣ ಎಲ್ಲಿಗೆ ಹೋಗುತ್ತದೆ?

ನೂರು ಫ್ಲ್ಯಾಟ್‌ಗಳ ಒಂದು ಕಟ್ಟಡ, ಫ್ಲ್ಯಾಟ್ ಒಂದಕ್ಕೆ 50 ಲಕ್ಷ ರೂಪಾಯಿ ಬೆಲೆ ಎಂದು ಇಟ್ಟುಕೊಳ್ಳೋಣ. ಕಟ್ಟಡ ಪೂರ್ಣವಾಗುವ ಮೊದಲೇ ಖರೀದಿಸಿದರೆ ಶೇ.5 ಜಿಎಸ್‌ಟಿ, ಅಂದರೆ 2.5 ಲಕ್ಷ. ನೋಂದಣಿಯ ಸಮಯದಲ್ಲಿ ಶೇ.5 ಮುದ್ರಾಂಕ ಶುಲ್ಕ, ಇನ್ನೊಂದು 2.5 ಲಕ್ಷ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ.1ರಿಂದ ಶೇ.2ಕ್ಕೆ ಏರಿದ್ದು, ಅದು 1 ಲಕ್ಷ. ಒಟ್ಟು ಒಂದು ಫ್ಲ್ಯಾಟ್‌ಗೆ 6 ಲಕ್ಷ; ನೂರು ಫ್ಲ್ಯಾಟ್‌ಗೆ 6 ಕೋಟಿ. ಮುದ್ರಾಂಕ ಶುಲ್ಕದ ಮೇಲಿನ ಸೆಸ್ ಮತ್ತು ಅಧಿಭಾರ ಇದಕ್ಕೆ ಹೊರತು.

ಈ ಹಣದ ಬಹುಪಾಲು ರಾಜ್ಯ ಮತ್ತು ಕೇಂದ್ರದ ಬೊಕ್ಕಸಕ್ಕೆ ಸೇರುತ್ತದೆ. ಅಧಿಭಾರದಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಒಂದು ಪಾಲು ಇದ್ದರೂ ಅದು ಇದೇ ಊರಿನ ಪೈಪಿಗೆ, ಇದೇ ಊರಿನ ತೋಡಿಗೆ ಎಂದು ಬರುವುದಿಲ್ಲ. ಸ್ಥಳೀಯ ಸಂಸ್ಥೆಗೆ ನೇರವಾಗಿ ಸಿಗುವುದು ಪರವಾನಿಗೆ ಶುಲ್ಕದಂತಹ ಒಮ್ಮೆ ಬರುವ ಹಣ, ಅದರ ನಂತರ ಪ್ರತಿವರ್ಷದ ಆಸ್ತಿ ತೆರಿಗೆ. ಫ್ಲ್ಯಾಟ್ ಒಂದಕ್ಕೆ ವರ್ಷಕ್ಕೆ 6,000 ರೂಪಾಯಿ ಎಂದು ಉದಾಹರಣೆಗೆ ಹಿಡಿದರೆ ನೂರು ಫ್ಲ್ಯಾಟ್‌ಗೆ 6 ಲಕ್ಷವಾಯಿತು. ಮೇಲಿನವರಿಗೆ ಒಂದೇ ಸಲಕ್ಕೆ 6 ಕೋಟಿ, ಊರಿಗೆ ವರ್ಷಕ್ಕೆ 6 ಲಕ್ಷ! ಅಂಕಿಗಳು ಊರಿನಿಂದ ಊರಿಗೆ ಬದಲಾಗಬಹುದು, ಆದರೆ ಅವುಗಳ ನಡುವಿನ ಅಂತರ ಬಹಳ ಕಡಿಮೆಯಾಗದು.

ಖರ್ಚು ಎಲ್ಲಿ ಉಳಿಯುತ್ತದೆ?

ನೀರು, ಚರಂಡಿ, ಕಸ, ದಾರಿದೀಪ, ಒಳರಸ್ತೆ, ಇವೆಲ್ಲ ಸ್ಥಳೀಯ ಸಂಸ್ಥೆಯ ಹೊಣೆ. ಇವುಗಳಲ್ಲಿ ನೀರಿನ ಲೆಕ್ಕವನ್ನು ಮೊದಲು ನೋಡೋಣ. ನೂರು ಫ್ಲ್ಯಾಟ್‌ಗಳಲ್ಲಿ 400 ಮಂದಿ ವಾಸಿಸುತ್ತಾರೆ ಎಂದಾದರೆ, ಒಳಚರಂಡಿ ಇರುವ ನಗರಗಳಿಗೆ ಹೇಳಲಾಗಿರುವ ತಲಾ 135 ಲೀಟರ್ ಮಾನದಂಡದ ಪ್ರಕಾರ ದಿನಕ್ಕೆ 54,000 ಲೀಟರ್ ನೀರು ಬೇಕು. 6,000 ಲೀಟರ್‌ನ ಟ್ಯಾಂಕರ್‌ನಲ್ಲಿ ತರಿಸಿದರೆ ದಿನಕ್ಕೆ ಒಂಬತ್ತು ಟ್ಯಾಂಕರ್. ಆದರೆ ನಮ್ಮ ಗ್ರಾಮಗಳಿಗೆ 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಲೆಕ್ಕ ಹಾಕಿರುವುದು ತಲಾ 55 ಲೀಟರ್. ಅದರಂತೆ 400 ಮಂದಿಗೆ 22,000 ಲೀಟರ್ ಮಾತ್ರ. ಗ್ರಾಮದ ಅಳತೆಗೆ ಹಾಕಿದ ಪೈಪಿಗೆ ನಗರದ ಅಳತೆಯ ಕಟ್ಟಡವನ್ನು ಜೋಡಿಸಿದರೆ ವ್ಯತ್ಯಾಸದ 32,000 ಲೀಟರ್ ಎಲ್ಲಿಂದ ಬರಬೇಕು? ಬೋರ್‌ವೆಲ್‌ನಿಂದ, ಅಂದರೆ ನೆರೆಯವರ ಬಾವಿಯ ಕೆಳಗಿನಿಂದ.

ಮಳೆಗೆ ಹೆಸರಾದ ನಮ್ಮ ಜಿಲ್ಲೆಗಳಲ್ಲಿ ನೀರಿನ ಅಭಾವವಿಲ್ಲ ಎಂದು ಹೇಳುವ ಕಾಲ ಹೋಯಿತು. 2019ರ ಬೇಸಗೆಯಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ಮಂಗಳೂರಿಗೆ ರೇಶನಿಂಗ್ ಆಯಿತು. ಅದೇ ವರ್ಷ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬರಿದಾಗಿ ಉಡುಪಿ ನಗರ ಕಂಗಾಲಾಯಿತು. 2023ರಲ್ಲಿ ಮಂಗಳೂರಿಗೆ ಮತ್ತೊಮ್ಮೆ ಅದೇ ಸ್ಥಿತಿ ಬಂತು.

ಬಳಸಿದ ನೀರಿನ ಸುಮಾರು ಶೇ.80 ಕೊಳಚೆಯಾಗಿ ಹೊರಬರುತ್ತದೆ ಎಂಬುದು ಇಂಜಿನಿಯರುಗಳ ಲೆಕ್ಕ. ಅಂದರೆ ದಿನಕ್ಕೆ 43,200 ಲೀಟರ್. ಒಳಚರಂಡಿ ಇಲ್ಲದ ಗ್ರಾಮದಲ್ಲಿ ಕಟ್ಟಡದ ಸಂಸ್ಕರಣಾ ಘಟಕ ಸರಿಯಾಗಿ ನಡೆಯದಿದ್ದರೆ ಅದು ತೋಡಿಗೆ ಸೇರುತ್ತದೆ, ತೋಡಿನಿಂದ ಬೈಲಿಗೆ, ಬೈಲಿನಿಂದ ಬಾವಿಗೆ. ಮಳೆನೀರು ಹೀರುತ್ತಿದ್ದ ಬೈಲುಗದ್ದೆಗೇ ಮಣ್ಣು ತುಂಬಿಸಿ ಕಟ್ಟಡ ಎಬ್ಬಿಸಿದರೆ ಮಳೆಗಾಲದಲ್ಲಿ ಕೃತಕ ನೆರೆ. ಕಸದ ಭಾರವನ್ನು ತಿಳಿಯಬೇಕಾದರೆ ಪಚ್ಚನಾಡಿಯನ್ನು ನೆನಪಿಸಿಕೊಂಡರೆ ಸಾಕು. 2019ರ ಆಗಸ್ಟ್‌ನ ಮಳೆಗೆ ಅಲ್ಲಿನ ತ್ಯಾಜ್ಯದ ರಾಶಿ ಜರಿದು ಮಂದಾರದ ತೋಟ, ಮನೆಗಳ ಮೇಲೆ ಬಂತು. ನಗರದವರು ಎಸೆದ ಕಸಕ್ಕೆ ಕೃಷಿಕರು ಮನೆ ಬಿಡಬೇಕಾಯಿತು. ಖರ್ಚನ್ನು ಲೆಕ್ಕಕ್ಕೆ ಹಿಡಿಯದೆ ನಗರ ಬೆಳೆದರೆ ಬೆಲೆ ತೆರುವವರು ಯಾರು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ನಮ್ಮ ತೆರಿಗೆ ಏರುವ ಮೂರು ದಾರಿಗಳು

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಪಕ್ಕದಲ್ಲಿ ಕಟ್ಟಡ ಎದ್ದಿತೆಂದು ಮರುವರ್ಷವೇ ನಮ್ಮ ಹಂಚಿನ ಮನೆಗೆ ಹೆಚ್ಚಿನ ತೆರಿಗೆಯ ನೋಟೀಸು ಬರುವುದಿಲ್ಲ. ಆ ಭಯಕ್ಕೆ ಆಧಾರವಿಲ್ಲ. ಆದರೆ ತೆರಿಗೆ ಬೇರೆ ದಾರಿಗಳಲ್ಲಿ ಬರುತ್ತದೆ.

ಮೊದಲನೆಯದು ಮಾರ್ಗಸೂಚಿ ಬೆಲೆ. 2021ರಲ್ಲಿ ತಂದ ಕಾನೂನು ತಿದ್ದುಪಡಿಯ ನಂತರ ಬೆಂಗಳೂರಿನ ಹೊರಗಿನ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಆಸ್ತಿ ತೆರಿಗೆಯನ್ನು ಚಾಲ್ತಿಯಲ್ಲಿರುವ ಮಾರ್ಗಸೂಚಿ ಬೆಲೆಗೆ ಜೋಡಿಸಲಾಗಿದೆ. ಇದರ ಹಿಂದೆ ಕೇಂದ್ರದ ಒತ್ತಡವೂ ಇತ್ತು. 2020ರಲ್ಲಿ ರಾಜ್ಯಗಳಿಗೆ ಹೆಚ್ಚುವರಿ ಸಾಲ ಪಡೆಯಲು ಅವಕಾಶ ಕೊಡುವಾಗ ಆಸ್ತಿ ತೆರಿಗೆ ಸುಧಾರಣೆಯನ್ನು ಒಂದು ಶರತ್ತಾಗಿ ಇಡಲಾಗಿತ್ತು. ಈಗ ಊರಿನಲ್ಲಿ ದುಬಾರಿ ಫ್ಲ್ಯಾಟ್‌ಗಳು ನೋಂದಣಿಯಾಗುತ್ತಾ ಹೋದಂತೆ ಸುತ್ತಲಿನ ಜಾಗದ ಬೆಲೆ ಏರುತ್ತದೆ, ಮುಂದಿನ ಪರಿಷ್ಕರಣೆಯಲ್ಲಿ ಮಾರ್ಗಸೂಚಿ ಬೆಲೆಯೂ ಏರುತ್ತದೆ. ರಾಜ್ಯದಾದ್ಯಂತ 2023ರ ಅಕ್ಟೋಬರ್ 1ರಿಂದ ಅಂತಹ ಪರಿಷ್ಕರಣೆ ಜಾರಿಗೆ ಬಂತು. ಜಾಗ ಮಾರುವವರಿಗೆ ಇದು ಲಾಭ. ಮಾರುವ ಇಚ್ಛೆಯಿಲ್ಲದೆ, ಹಿರಿಯರಿಂದ ಬಂದ ಹದಿನೈದು ಸೆಂಟ್ಸ್ ಜಾಗದಲ್ಲಿ ಕೊನೆಗಾಲ ಕಳೆಯುವ ವೃದ್ಧ ದಂಪತಿಗೆ ಲಾಭವೇನು? ಕಾಗದದಲ್ಲಿ ಅವರು ಶ್ರೀಮಂತರು, ಕೈಯಲ್ಲಿರುವುದು ಪಿಂಚಣಿ ಅಥವಾ ಮಕ್ಕಳು ಕಳುಹಿಸುವ ಹಣ.

ಎರಡನೆಯದು ಊರಿನ ದರ್ಜೆ ಬದಲಾಗುವುದು. ಮನೆಗಳೂ ಜನಸಂಖ್ಯೆಯೂ ಹೆಚ್ಚಿದಂತೆ ಗ್ರಾಮ ಪಂಚಾಯತ್ ಪಟ್ಟಣ ಪಂಚಾಯತ್ ಆಗುತ್ತದೆ, ಪುರಸಭೆಯಾಗುತ್ತದೆ. ಕಾಪು, ಸೋಮೇಶ್ವರ, ಬಜ್ಪೆ, ಕಿನ್ನಿಗೋಳಿ ಈ ದಾರಿಯಲ್ಲಿ ಬಂದ ಊರುಗಳು. ಆಗ ತೆರಿಗೆಯ ನಿಯಮ, ಕಟ್ಟಡ ಪರವಾನಿಗೆಯ ನಿಯಮ ಎರಡೂ ಬದಲಾಗುತ್ತವೆ. ಗ್ರಾಮೀಣ ಉದ್ಯೋಗ ಖಾತರಿಯ ಕೆಲಸ ಸಿಗುವುದಿಲ್ಲ. ನಗರದ ತೆರಿಗೆ ಮೊದಲು ಬರುತ್ತದೆ, ನಗರದ ಸೌಲಭ್ಯ ನಿಧಾನವಾಗಿ ಬರುತ್ತದೆ.

ಮೂರನೆಯದು ವರ್ಷ ವರ್ಷದ ಏರಿಕೆ. ನಗರ ಸಂಸ್ಥೆಗಳು ವರ್ಷಕ್ಕೆ ಶೇ.3ರಿಂದ ಶೇ.5ರಷ್ಟು ತೆರಿಗೆ ಹೆಚ್ಚಿಸುವ ವ್ಯವಸ್ಥೆ ಈಗಿನ ಕಾನೂನಿನಲ್ಲಿದೆ. ಸೌಲಭ್ಯಗಳ ಖರ್ಚು ಆದಾಯವನ್ನು ಮೀರಿದಾಗ ಸಂಸ್ಥೆಯವರು ಕಡಿಮೆ ದರವನ್ನು ಆರಿಸಿಯಾರೆಂದು ನಿರೀಕ್ಷಿಸಲಾಗದು. ನೀರಿನ ದರವೂ ಇದೇ ರೀತಿ ಏರುತ್ತದೆ.

ಅಮೆರಿಕದಲ್ಲಿರುವ ನಮ್ಮ ಬಂಧುಗಳಿಗೆ ಈ ಚರ್ಚೆ ಹೊಸದಲ್ಲ. ಅಲ್ಲಿನ ಸಣ್ಣ ಪಟ್ಟಣಗಳ ಲೆಕ್ಕಪತ್ರಗಳನ್ನು ಪರಿಶೀಲಿಸಿದ ಅಮೆರಿಕನ್ ಫಾರ್ಮ್‌ಲ್ಯಾಂಡ್ ಟ್ರಸ್ಟ್ ಎಂಬ ಸಂಸ್ಥೆ, ವಸತಿ ಪ್ರದೇಶದಿಂದ 1 ಡಾಲರ್ ಆದಾಯ ಬಂದರೆ ಸೇವೆಗಳಿಗೆ 1 ಡಾಲರ್‌ಗಿಂತ ಹೆಚ್ಚು ಖರ್ಚಾಗುತ್ತದೆ, ಕೃಷಿಭೂಮಿಗೆ ಅದರ ಅರ್ಧಕ್ಕಿಂತಲೂ ಕಡಿಮೆ ಸಾಕು ಎಂದು ತೋರಿಸಿದೆ. ಆದರೆ ಅದನ್ನು ಹಾಗೆಯೇ ಇಲ್ಲಿಗೆ ತರಬಾರದು. ಅಲ್ಲಿ ಸರಕಾರಿ ಶಾಲೆಗಳ ಖರ್ಚಿನ ದೊಡ್ಡ ಪಾಲು ಆಸ್ತಿ ತೆರಿಗೆಯಿಂದಲೇ ಹೋಗುತ್ತದೆ. ಇಲ್ಲಿ ಶಿಕ್ಷಕರ ಸಂಬಳ ಕೊಡುವುದು ರಾಜ್ಯ ಸರಕಾರ. ಹಾಗಾಗಿ ನಮ್ಮಲ್ಲಿ ತಕ್ಕಡಿಯನ್ನು ವಾಲಿಸುವುದು ಶಾಲೆಯಲ್ಲ, ನೀರು ಮತ್ತು ಕೊಳಚೆ.

ವಿರೋಧಿಸಿದರೆ ಸಾಕೇ?

ಇಷ್ಟು ಓದಿದವರು "ಹಾಗಾದರೆ ಫ್ಲ್ಯಾಟೇ ಬೇಡ" ಎನ್ನಬಹುದು. ನಮ್ಮ ಅಭಿಪ್ರಾಯ ಅದಲ್ಲ. ಪೇಟೆಯ ಆಸ್ಪತ್ರೆಯ ನರ್ಸ್, ಶಾಲೆಯ ಶಿಕ್ಷಕಿ, ಬಂದರಿನ ಕೆಲಸಗಾರ, ಹೊಸದಾಗಿ ಮದುವೆಯಾದ ದಂಪತಿ, ಇವರಿಗೆಲ್ಲ ಐದು ಸೆಂಟ್ಸ್ ಜಾಗ ಕೊಂಡು ಮನೆ ಕಟ್ಟುವುದು ಇಂದು ಕನಸಿನ ಮಾತು. ಮನೆಗಳು ಹೆಚ್ಚದಿದ್ದರೆ ಬಾಡಿಗೆ ಏರುತ್ತದೆ. ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಮಾಡಿ ಭೂಮಿ ಪಡೆದ ಕುಟುಂಬಗಳಲ್ಲಿ ಪಾಲಾಗಿ ಪಾಲಾಗಿ ಜಾಗ ಸಣ್ಣದಾಗಿದೆ. ಅದನ್ನು ಬಿಲ್ಡರಿಗೆ ಕೊಟ್ಟು ಮಕ್ಕಳ ವಿದ್ಯೆಗೆ, ಕಾಯಿಲೆಗೆ ದಾರಿ ಮಾಡಿಕೊಂಡವರೂ ನಮ್ಮ ನಡುವೆಯೇ ಇದ್ದಾರೆ. ಅವರನ್ನು ದೂರುವುದು ನ್ಯಾಯವಲ್ಲ. ಇಂದು ಫ್ಲ್ಯಾಟಿಗೆ ಬರುವ ಅಪರಿಚಿತರು ನಾಳೆ ನಮ್ಮದೇ ಧರ್ಮಕೇಂದ್ರದ ಕುಟುಂಬಗಳು ಎಂಬುದನ್ನೂ ಮರೆಯಬಾರದು.

ಫ್ಲ್ಯಾಟ್ ನಿವಾಸಿಗಳಿಗೂ ಅವರದೇ ದೂರು ಇದೆ. ಕೊಳಚೆ ಘಟಕಕ್ಕೆ, ಕಸಕ್ಕೆ, ಟ್ಯಾಂಕರ್‌ಗೆ ತಿಂಗಳು ತಿಂಗಳು ಮೇಂಟೆನೆನ್ಸ್ ಕಟ್ಟಿದ ಮೇಲೂ ಪೂರ್ಣ ತೆರಿಗೆ ಯಾಕೆ ಎಂದು ಅವರು ಕೇಳುತ್ತಾರೆ. ವಿದೇಶದಲ್ಲಿರುವವರು ಕೊಂಡು ಬೀಗ ಹಾಕಿದ ಫ್ಲ್ಯಾಟ್‌ಗಳಂತೂ ತೆರಿಗೆ ಕೊಡುತ್ತವೆ, ನೀರು ಕೇಳುವುದಿಲ್ಲ. ಸಂಸ್ಥೆಯ ಲೆಕ್ಕಕ್ಕೆ ಅವು ಲಾಭ, ಮನೆಯಿಲ್ಲದವರಿಗೆ ಪ್ರಯೋಜನವಿಲ್ಲ.

ಆದ್ದರಿಂದ ಜಗಳ ಫ್ಲ್ಯಾಟಿನವರಿಗೂ ಹಂಚಿನ ಮನೆಯವರಿಗೂ ನಡುವೆ ಅಲ್ಲ. ಪೈಪು, ಚರಂಡಿ, ರಸ್ತೆಯ ಖರ್ಚನ್ನು ಪರವಾನಿಗೆ ಕೊಡುವ ಮೊದಲೇ ಲೆಕ್ಕ ಹಾಕಿ, ಲಾಭ ಮಾಡುವವರಿಂದ ಅದರ ಪಾಲನ್ನು ಪಡೆಯಲಾಗಿದೆಯೇ ಎಂಬುದೇ ನಿಜವಾದ ಪ್ರಶ್ನೆ. ಕಟ್ಟಡ ಎದ್ದು, ಫ್ಲ್ಯಾಟ್‌ಗಳು ಮಾರಾಟವಾಗಿ, ಬಿಲ್ಡರ್ ಮುಂದಿನ ಊರಿಗೆ ಹೋದ ಮೇಲೆ ಉಳಿಯುವ ಖರ್ಚನ್ನು ಹೊಸಬರೂ ಹಳಬರೂ ಸೇರಿಯೇ ಕಟ್ಟಬೇಕು.

ನಾವು ಕೇಳಬೇಕಾದದ್ದು

ಊರಿನಲ್ಲಿ ಯೋಜನೆಯ ಸುದ್ದಿ ಬಂದಾಗ ಕೆಳಗಿನ ವಿಷಯಗಳನ್ನು ವಿಚಾರಿಸುವುದು ಒಳ್ಳೆಯದು.

1. ನೀರಿನ ಮೂಲ ಯಾವುದು? ಬೋರ್‌ವೆಲ್ ಆದರೆ ಸುತ್ತಲಿನ ಬಾವಿಗಳ ಬೇಸಗೆಯ ಮಟ್ಟವನ್ನು ಯಾರಾದರೂ ಅಳೆದಿದ್ದಾರೆಯೇ?

2. ಕೊಳಚೆ ನೀರು ಎಲ್ಲಿಗೆ? ಸಂಸ್ಕರಣಾ ಘಟಕವನ್ನು ಬಿಲ್ಡರ್ ಹೋದ ಮೇಲೆ ನಡೆಸುವವರು ಯಾರು?

3. ಹಸಿಕಸವನ್ನು ಆವರಣದಲ್ಲೇ ಗೊಬ್ಬರ ಮಾಡಲು ಜಾಗ ಇಟ್ಟಿದ್ದಾರೆಯೇ? ದೊಡ್ಡ ಸಮುಚ್ಚಯಗಳು ಹೀಗೆ ಮಾಡಬೇಕೆಂಬುದು 2016ರ ಘನತ್ಯಾಜ್ಯ ನಿಯಮದಲ್ಲೇ ಬಂದ ಮಾತು.

4. ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಅಥವಾ 500 ಚದರ ಮೀಟರ್‌ಗಿಂತ ಹೆಚ್ಚು ಜಾಗದ ಯೋಜನೆ 2016ರ ರೇರಾ ಕಾಯಿದೆಯಡಿ ನೋಂದಣಿಯಾಗಬೇಕು. ಆಗಿದೆಯೇ? ಇದು ಕೊಳ್ಳುವವರಿಗೂ ರಕ್ಷಣೆ.

5. 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿರ್ಮಾಣಕ್ಕೆ ಪರಿಸರ ಅನುಮತಿ ಬೇಕು. ಅದರ ಶರತ್ತುಗಳೇನು?

6. ಸ್ಥಳೀಯ ಸಂಸ್ಥೆಗೆ ಸಿಕ್ಕಿದ ಶುಲ್ಕ ಎಷ್ಟು, ಅದನ್ನು ಯಾವ ಕಾಮಗಾರಿಗೆ ಬಳಸಲಾಗುತ್ತದೆ?

ಇವುಗಳಿಗೆ ಉತ್ತರ ಪಡೆಯಲು ರಸ್ತೆ ತಡೆ ಬೇಕಿಲ್ಲ. ಗ್ರಾಮಸಭೆ, ವಾರ್ಡ್‌ಸಭೆ ಇವೆ. 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಮಾರ್ಗಸೂಚಿ ಬೆಲೆ ಪರಿಷ್ಕರಿಸುವಾಗ ಕರಡು ಪಟ್ಟಿ ಪ್ರಕಟಿಸಿ ಆಕ್ಷೇಪಣೆ ಕೇಳುತ್ತಾರೆ. ಅದನ್ನು ಉಪನೋಂದಣಿ ಕಚೇರಿಗೆ ಹೋಗಿ ನೋಡುವವರು ಬೆರಳೆಣಿಕೆಯ ಮಂದಿ. ತೆರಿಗೆ ಏರಿದ ಮೇಲೆ ಗೊಣಗುವುದಕ್ಕಿಂತ ಆ ಹದಿನೈದು ನಿಮಿಷದ ಕೆಲಸ ಹೆಚ್ಚು ಫಲ ಕೊಡುತ್ತದೆ.

ಚರ್ಚ್ ಪಾಲನಾ ಮಂಡಳಿಗಳಿಗೂ ಗುರಿಕಾರರಿಗೂ ಇಲ್ಲಿ ಕೆಲಸವಿದೆ. ಗ್ರಾಮಸಭೆಯ ದಿನಾಂಕವನ್ನು ವಾರ್ಡಿನ ಕೂಟದಲ್ಲಿ ತಿಳಿಸಬಹುದು. ನಗರ ವ್ಯಾಪ್ತಿಯ ಹಿರಿಯರಿಗೆ ಸ್ವಯಂ ಘೋಷಣೆಯ ತೆರಿಗೆ ಫಾರಂ ತುಂಬಲು ಯುವಜನರು ನೆರವಾಗಬಹುದು. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ.5 ರಿಯಾಯಿತಿ ಇದೆ, ತಡವಾದರೆ ದಂಡ ಬೀಳುತ್ತದೆ. ಆರಾಧನಾ ಸ್ಥಳಕ್ಕೆ ತೆರಿಗೆ ವಿನಾಯಿತಿ ಇದ್ದರೂ ಬಾಡಿಗೆ ಬರುವ ಅಂಗಡಿ ಕಟ್ಟಡಕ್ಕೆ ಇಲ್ಲ ಎಂಬುದನ್ನು ಮಂಡಳಿಗಳು ಗಮನದಲ್ಲಿಟ್ಟು ತಮ್ಮ ಲೆಕ್ಕವನ್ನೂ ಸರಿಯಾಗಿಡಬೇಕು. ತಾನು ಕಟ್ಟಬೇಕಾದದ್ದನ್ನು ಕಟ್ಟಿದವನಿಗೆ ಇತರರ ಲೆಕ್ಕ ಕೇಳುವ ಧೈರ್ಯ ಇರುತ್ತದೆ.

ಮುಂದಿನ ಗ್ರಾಮಸಭೆಗೆ ಪ್ರತಿ ವಾರ್ಡಿನಿಂದ ಇಬ್ಬರಾದರೂ ಹೋಗಿ, ನೀರು ಮತ್ತು ಕೊಳಚೆಯ ಎರಡೇ ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿದರೂ ಊರಿಗೆ ದೊಡ್ಡ ಉಪಕಾರವಾದೀತು.