ಪ್ಯಾಕೇಜಿಗೊಂದು ಪೈಥಾನ್ ಬೇಕೇ?

ಮೊನ್ನೆ ಗೆಳೆಯನೊಬ್ಬನ ಜೊತೆ ಸಣ್ಣ ಜಗಳ. ಲಿನಕ್ಸ್ ರೆಪಾಸಿಟರಿಯಲ್ಲಿರೋ ಪ್ರತಿ ಪ್ಯಾಕೇಜೂ ತನಗೆ ಬೇಕಾದ ಪೈಥಾನ್ ವರ್ಷನ್ ತಾನೇ ಆರಿಸಿಕೊಳ್ಳಲಿ, ಎಲ್ಲದಕ್ಕೂ ಒಂದೇ ಡೀಫಾಲ್ಟ್ ಹೇರೋದು ಸರ್ವಾಧಿಕಾರ ಅಂತ ಅವನ ವಾದ. ಕೇಳೋಕೇನೋ ಚೆನ್ನಾಗಿದೆ. ಆದರೆ ಈ ಸ್ವಾತಂತ್ರ್ಯದ ಖರ್ಚು ಯಾರ ತಲೆಗೆ ಅಂತ ಮಾತ್ರ ಅವನು ಹೇಳಲಿಲ್ಲ.

ಲೆಕ್ಕ ಹಾಕಿ ನೋಡಿ. ನಂಪೈ ಥರದ ಲೈಬ್ರರಿಗಳಲ್ಲಿ ಸಿ ಭಾಷೆಯ ಕೋಡ್ ಇರುತ್ತೆ. ಪೈಥಾನ್ 3.11ಕ್ಕೆ ಕಂಪೈಲ್ ಮಾಡಿದ ನಂಪೈ 3.13ರಲ್ಲಿ ಓಡೋದಿಲ್ಲ. ಮೂರು ವರ್ಷನ್ ಸಾಕಿದರೆ ಮೂರು ಸಲ ಕಂಪೈಲ್, ಮೂರು ಸಲ ಟೆಸ್ಟ್. ಪೈಥಾನಿನಲ್ಲೇ ಒಂದು ಭದ್ರತಾ ಲೋಪ ಸಿಕ್ಕಿತೋ, ಮೂರು ಕಡೆ ತೇಪೆ. ಡೆಬಿಯನ್‌ನಂಥ ಕಡೆ ಇದನ್ನೆಲ್ಲ ಮಾಡೋರು ಬಹುಪಾಲು ಸ್ವಯಂಸೇವಕರು. ನಮ್ಮ ಸೋಮಾರಿತನಕ್ಕೆ ಅವರ ಭಾನುವಾರ ಯಾಕೆ ಹಾಳಾಗಬೇಕು?

ಡೆಬಿಯನ್ ಹಿಡಿದ ದಾರಿ ನನಗಿಷ್ಟ. ಒಂದು ಬಿಡುಗಡೆಗೆ ಒಂದೇ ಡೀಫಾಲ್ಟ್. 2021ರ ಡೆಬಿಯನ್ 11ಕ್ಕೆ 3.9, 2023ರ ಡೆಬಿಯನ್ 12ಕ್ಕೆ 3.11, 2025ರ ಡೆಬಿಯನ್ 13ಕ್ಕೆ 3.13. ಬದಲಾವಣೆ ರಾತ್ರೋರಾತ್ರಿ ಆಗೋದೂ ಇಲ್ಲ. ಮೊದಲು ಹೊಸ ವರ್ಷನ್ ಹಳೆಯದರ ಪಕ್ಕ ಬಂದು ಕೂರುತ್ತೆ, ಮಾಡ್ಯೂಲುಗಳನ್ನು ಎರಡಕ್ಕೂ ಕಟ್ಟಿ ನೋಡ್ತಾರೆ, ಮುರಿದದ್ದನ್ನು ಸರಿಮಾಡ್ತಾರೆ. ಆಮೇಲೆ ಡೀಫಾಲ್ಟ್ ಬದಲು, ಕೊನೆಗೆ ಹಳೆಯದಕ್ಕೆ ವಿದಾಯ. ಇದು ಸರ್ವಾಧಿಕಾರವೇ?

ಒಂದೇ ಮಾತಿಗೆ ಬರದಿದ್ದರೆ ಏನಾಗುತ್ತೆ ಅಂತಲೂ ನೋಡಿದ್ದೇವೆ. 2010ರಲ್ಲಿ ಆರ್ಚ್ ಲಿನಕ್ಸಿನವರು 'ಪೈಥಾನ್' ಅನ್ನೋ ಕಮ್ಯಾಂಡನ್ನು ಪೈಥಾನ್ 3ಕ್ಕೆ ತಿರುಗಿಸಿದರು. ಬೇರೆ ಬಹಳಷ್ಟು ಕಡೆ ಅದು 2 ಆಗಿಯೇ ಉಳಿಯಿತು. ಒಂದೇ ಸಂತೆಯಲ್ಲಿ ಒಬ್ಬ ಸೇರಿನಲ್ಲಿ, ಇನ್ನೊಬ್ಬ ಕೇಜಿಯಲ್ಲಿ ಅಳೆದ ಹಾಗೆ! ಅದೇ ಸ್ಕ್ರಿಪ್ಟು ಈ ಯಂತ್ರದಲ್ಲಿ ಓಡುತ್ತೆ, ಆ ಯಂತ್ರದಲ್ಲಿ ಬೀಳುತ್ತೆ.

'ಹಳೇ ಕೋಡ್ ಇಟ್ಟುಕೊಂಡವರ ಗತಿ?' ಅಂತ ಗೆಳೆಯ ಕೇಳಿದ. ಆ ಗುಂಪಿನಲ್ಲಿ ನಾನೂ ಇದ್ದೆ ಮಾರಾಯ್ರೆ. ಪೈಥಾನ್ 2.7ಕ್ಕೆ ಮೊದಲಿದ್ದ ಗಡುವು 2015. ಅದನ್ನು 2020ಕ್ಕೆ ಮುಂದೂಡಿದರು. ಕೊಟ್ಟ ಐದು ವರ್ಷ ನಾನು ಮಾಡಿದ್ದೇನು? ನಿದ್ದೆ :-) ಕೊನೆಗೆ ಕೂತಾಗ ನನ್ನ ಸ್ಕ್ರಿಪ್ಟುಗಳೆಲ್ಲ ಸರಿಹೋಗಲು ಹಿಡಿದದ್ದು ಒಂದು ಮಧ್ಯಾಹ್ನ.

ಸಿಕ್ಕಿದ ಲಾಭವೂ ಕನ್ನಡದವನಿಗೆ ಸಣ್ಣದಲ್ಲ. ಪೈಥಾನ್ 2ರಲ್ಲಿ 'ಕನ್ನಡ' ಅನ್ನೋ ಪದವನ್ನು ಮಾಮೂಲಿ ಸ್ಟ್ರಿಂಗ್ ಆಗಿ ಯುಟಿಎಫ್-8 ಫೈಲಿನಲ್ಲಿ ಬರೆದು ಉದ್ದ ಕೇಳಿದರೆ 15 ಅನ್ನುತ್ತಿತ್ತು, ಅದು ಎಣಿಸುತ್ತಿದ್ದದ್ದು ಬೈಟುಗಳನ್ನು. ಪೈಥಾನ್ 3 ಯುನಿಕೋಡ್ ಸಂಕೇತಗಳನ್ನು ಎಣಿಸಿ 5 ಅನ್ನುತ್ತೆ. ನಮ್ಮ ಕಣ್ಣಿಗೆ ಕಾಣೋ ಮೂರು ಅಕ್ಷರ ಇನ್ನೂ ಅಲ್ಲ, ಒಪ್ಪಿದೆ. ಆದರೂ ಪದವನ್ನು ಕತ್ತರಿಸಿದರೆ ಅಕ್ಷರವೇ ಚೂರಾಗಿ ಕಸ ಕಾಣೋದು ತಪ್ಪಿತಲ್ಲ! ಎಲ್ಲರೂ ಹಳೆಯದಕ್ಕೇ ಜೋತುಬಿದ್ದಿದ್ದರೆ ಇದು ಡೀಫಾಲ್ಟ್ ಆಗುತ್ತಿತ್ತೇ?

ಡೀಫಾಲ್ಟ್ ಅಂದರೆ ನಿಷೇಧ ಅಲ್ಲ. ಹಳೇ ವರ್ಷನ್ ಬೇಕೇ ಬೇಕು ಅನ್ನೋರು ತಮ್ಮ ಕಂಟೇನರಿನಲ್ಲಿ ಇಟ್ಟುಕೊಂಡು ತಾವೇ ಸಾಕಲಿ. ಊರಿನ ಬಾವಿಗೆ ಮನೆಗೊಂದು ರಾಟೆ ಕಟ್ಟಿ ಅನ್ನಬೇಡಿ. ಏನಂತೀರಿ?